ಬುಷ್ ಹೊಸದು, ಅಲುಗಾಟ ಹಳೆಯದೇ

ಪ್ರಶ್ನೆ: ಸಾರ್, ನನ್ನದು 20 ಟನ್ನಿನ ಎಕ್ಸ್‌ಕವೇಟರ್. ಬಕೆಟ್ ಲಟಲಟ ಅಲ್ಲಾಡುತ್ತಿತ್ತು ಅಂತ ಪಿನ್ನು, ಅದು ತಿರುಗುವ ಲೋಹದ ಕೊಳವೆ ಅಂದರೆ ಬುಷ್ಷು, ಎರಡೂ ಬದಲಾಯಿಸಿದೆ. ಬುಷ್ ಕೂರುವ ತೂತು ದೊಡ್ಡದಾಗಿತ್ತು. ವೆಲ್ಡರ್ ಅದರೊಳಗೆ ವೆಲ್ಡ್ ತುಂಬಿ, ಗ್ರೈಂಡರ್‌ನಲ್ಲಿ ಉಜ್ಜಿ, ಬುಷ್ ಬಡಿದು ಕೂರಿಸಿದರು. ಮೂರೇ ತಿಂಗಳು, ಮತ್ತೆ ಅದೇ ಸದ್ದು. ದಿನಾ ಗ್ರೀಸ್ ಹೊಡೆಯುತ್ತೇನೆ, ಆದರೆ ಅದು ಒಂದೇ ಪಕ್ಕದಿಂದ ಹೊರಗೆ ಬರುತ್ತದೆ. ಬುಷ್ ಕಳಪೆ ಇರಬಹುದಾ?

ಉತ್ತರ: ಬುಷ್ ಮೇಲೆ ಅಷ್ಟು ಬೇಗ ತಪ್ಪು ಹೊರಿಸಬೇಡಿ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಎರಡು ಮಾತು: ಒಂದು ಗ್ರೈಂಡರ್, ಇನ್ನೊಂದು ಒಂದೇ ಪಕ್ಕದ ಗ್ರೀಸ್.

ಈ ತಪ್ಪು ನಾನೂ ಮಾಡಿದವನೇ. ಕೆಲಸ ಕಲಿಯುವಾಗ ಒಂದು ಆರ್ಮ್‌ಗೆ, ಅಂದರೆ ಬಕೆಟ್ ಹಿಡಿದಿರುವ ತೋಳಿಗೆ, ಹೀಗೇ ಬುಷ್ ಬಡಿದಿದ್ದೆ. ನಾಲ್ಕೇ ಏಟಿಗೆ ಸರ್ರನೆ ಒಳಗೆ ಹೋಯಿತು. ಖುಷಿಯಾಯಿತು. ಹೆದರಬೇಕಿತ್ತು, ಯಾಕಂದರೆ ಸರಿಯಾದ ಅಳತೆಯ ಬುಷ್ ಅಷ್ಟು ಸಲೀಸಾಗಿ ಹೋಗುವುದೇ ಇಲ್ಲ. ಕೆಲವೇ ವಾರಕ್ಕೆ ಗಾಡಿ ವಾಪಸ್ ಬಂತು. ಪಿನ್ ಎಳೆದರೆ ಬಿಸಿಗೆ ನೀಲಿ ತಿರುಗಿದೆ, ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿದೆ. ಬುಷ್ ಹೊರತೆಗೆದರೆ ಅದರ ಹೊರಮೈ ಕನ್ನಡಿ ಹಾಗೆ ಹೊಳೆಯುತ್ತಿದೆ. ತಿರುಗಬೇಕಾದ್ದು ಬುಷ್ಷಿನೊಳಗೆ ಪಿನ್. ಹೊರಮೈ ಹೊಳೆದಿದೆ ಅಂದರೆ ಬುಷ್ಷೇ ತೂತಿನೊಳಗೆ ತಿರುಗಿದೆ ಅಂತ ಅರ್ಥ. ತಿರುಗಿ ತಿರುಗಿ ಅದರ ಗ್ರೀಸ್ ತೂತು ನಿಪ್ಪಲ್‌ನ (ಗ್ರೀಸ್ ಗನ್ ಸಿಕ್ಕಿಸುವ ಮೂತಿ) ದಾರಿಯಿಂದ ಪಕ್ಕಕ್ಕೆ ಸರಿದಿತ್ತು. ಹೊಡೆದ ಗ್ರೀಸೆಲ್ಲ ಬುಷ್ಷಿನ ಹೊರಗಿನಿಂದಲೇ ನುಸುಳಿ ಆಚೆ ಬರುತ್ತಿತ್ತು, ಪಿನ್‌ಗೆ ಒಂದು ತೊಟ್ಟೂ ಇಲ್ಲ.

ನಿಮ್ಮದೂ ಇದೇ ಕಥೆ ಇರಬಹುದು. ಬಕೆಟ್ಟನ್ನು ನೆಲಕ್ಕೆ ಇಳಿಸಿ, ಇಂಜಿನ್ ನಿಲ್ಲಿಸಿ, ಹೈಡ್ರಾಲಿಕ್ ಪ್ರೆಶರ್ ಬಿಟ್ಟು, ಆರ್ಮ್‌ಗೆ ಗಟ್ಟಿ ಆಸರೆ ಕೊಟ್ಟು ಪಿನ್ ತೆಗೆಯಿರಿ. ಒಳಗೆ ಟಾರ್ಚ್ ಬಿಡಿ. ನಿಪ್ಪಲ್ ಕಡೆಯ ತೂತೂ ಬುಷ್ಷಿನ ತೂತೂ ಎದುರುಬದುರು ಇವೆಯಾ? ಇದ್ದೂ ಗ್ರೀಸ್ ಬರುತ್ತಿಲ್ಲ ಅಂದರೆ, ವೆಲ್ಡ್ ತುಂಬುವಾಗ ಗ್ರೀಸ್ ದಾರಿಯನ್ನೂ ಮುಚ್ಚಿಬಿಟ್ಟಿರಬಹುದು. ಅದನ್ನು ಮತ್ತೆ ಕೊರೆಯಲು ಮರೆಯುವವರು ಬೇಕಾದಷ್ಟು ಜನ.

ಬುಷ್ ತೆಗೆದ ಮೇಲೆ ತೂತನ್ನು ಅಳೆಯಿರಿ. ಭಾರ ಬೀಳುವ ದಿಕ್ಕಿನಲ್ಲಿ ಒಮ್ಮೆ, ಅದಕ್ಕೆ ಅಡ್ಡಲಾಗಿ ಒಮ್ಮೆ, ಎರಡೂ ತುದಿಯಲ್ಲಿ. ಮೊಟ್ಟೆಯಾಕಾರಕ್ಕೆ ಹೋಗಿದ್ದರೆ ಲೈನ್ ಬೋರಿಂಗ್ ಮಾಡಿಸಲೇಬೇಕು. ಕೈಯಲ್ಲಿ ಹಿಡಿದ ಗ್ರೈಂಡರ್‌ಗೆ ತೂತು ದುಂಡಗೆ ಮಾಡಲು ಬರಲ್ಲ, ಎರಡು ಕಡೆಯ ತೂತನ್ನು ಒಂದೇ ಗೆರೆಗೆ ತರುವುದಂತೂ ದೂರದ ಮಾತು. ಲೈನ್ ಬೋರಿಂಗ್‌ನಲ್ಲಿ ಒಂದೇ ಬಾರ್ ಎರಡೂ ತೂತಿನೊಳಗೆ ಹಾದುಹೋಗುತ್ತದೆ. ತೇಯದ ಅಂಚನ್ನು ಗುರುತಾಗಿ ಹಿಡಿದು ಬಾರ್ ಕೂರಿಸುತ್ತಾರೆ. ಮೊದಲು ಹಳೆಯ ವೆಲ್ಡನ್ನೆಲ್ಲ ಕೊರೆದು, ಹೊಸದಾಗಿ ವೆಲ್ಡ್ ತುಂಬಿ, ಬೇಕಾದ ಅಳತೆಗೆ ಮತ್ತೆ ಕೊರೆಯುತ್ತಾರೆ. ವೆಲ್ಡಿಂಗ್‌ಗೆ ಮುಂಚೆ ಒಳಗಿನ ಗ್ರೀಸ್ ಪೂರ್ತಿ ತೆಗೆಯಬೇಕು, ಬ್ಯಾಟರಿ ಕನೆಕ್ಷನ್ ಬಿಚ್ಚಬೇಕು. ವೆಲ್ಡಿಂಗ್ ಮೆಷಿನ್ನಿನ ಅರ್ತ್ ಕ್ಲಾಂಪ್ ವೆಲ್ಡ್ ಮಾಡುವ ಭಾಗಕ್ಕೇ, ಹತ್ತಿರದಲ್ಲೇ ಇರಲಿ. ಅದನ್ನು ಟ್ರ್ಯಾಕ್‌ಗೆ ಸಿಕ್ಕಿಸಿದರೆ ಕರೆಂಟ್ ಬೇರೆ ಪಿನ್‌ಗಳ, ಗಾಡಿಯ ಮೇಲ್ಭಾಗ ತಿರುಗುವ ಸ್ಲೂ ಬೇರಿಂಗ್‌ನ ಮೂಲಕ ಹರಿದು ಅಲ್ಲೆಲ್ಲ ಚುಕ್ಕಿ ಸುಡುತ್ತದೆ.

ಬುಷ್ ಕೂರಿಸಲು ಸುತ್ತಿಗೆ ಬೇಡ. ಒಣ ಮಂಜುಗಡ್ಡೆಯಲ್ಲಿ (ಡ್ರೈ ಐಸ್, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಇಡಿ. ಅದು ಮೈನಸ್ 78 ಡಿಗ್ರಿ ಇರುತ್ತದೆ. 100 ಮಿ.ಮೀ. ವ್ಯಾಸದ ಉಕ್ಕಿನ ಬುಷ್ ಅದರಲ್ಲಿ ಸುಮಾರು 0.1 ಮಿ.ಮೀ. ಕುಗ್ಗುತ್ತದೆ. ಎಷ್ಟೋ ಸಲ ಅಷ್ಟೇ ಸಾಕು. ದಪ್ಪ ಗ್ಲೌಸ್ ಇರಲಿ, ಜಾಗದಲ್ಲಿ ಗಾಳಿ ಆಡುತ್ತಿರಲಿ. ಗ್ರೀಸ್ ತೂತಿನ ನೇರ ನೋಡಿಕೊಂಡು ಒಂದೇ ಸಲಕ್ಕೆ ತಳ್ಳಿ. ಅರ್ಧಕ್ಕೆ ನಿಂತರೆ ಅಲ್ಲೇ ಬಿಗಿದುಕೊಳ್ಳುತ್ತದೆ, ಆಮೇಲೆ ಜಾಕ್ ಹಾಕಿ ಒತ್ತಬೇಕು. ಕೂತ ಮೇಲೆ ಬುಷ್ಷಿನ ಅಂಚಿಗೂ ಪಕ್ಕದ ಲೋಹಕ್ಕೂ ನಾನು ಪಂಚ್‌ನಿಂದ ಒಂದೊಂದು ಚುಕ್ಕಿ ಹೊಡೆದಿಡುತ್ತೇನೆ. ಮುಂದೆ ಪಿನ್ ಬಿಚ್ಚಿದಾಗ ಚುಕ್ಕಿಗಳು ದೂರವಾಗಿದ್ದರೆ, ಬುಷ್ ತಿರುಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ ಅಲ್ವಾ.

ಪ್ರಶ್ನೆ: ತೇದ ಪಿನ್‌ಗೆ ವೆಲ್ಡ್ ಏರಿಸಿ, ಲೇತ್‌ನಲ್ಲಿ ಸೈಜ್‌ಗೆ ತಂದು ಹಾಕಬಹುದಾ?

ಉತ್ತರ: ನಾನಂತೂ ಹಾಕಲ್ಲ. ಸಾಮಾನ್ಯವಾಗಿ ಪಿನ್ನಿನ ಮೇಲ್ಪದರ ಕೆಲವೇ ಮಿಲಿಮೀಟರ್ ಗಟ್ಟಿ ಮಾಡಿರುತ್ತಾರೆ, ಒಳಗೆ ಮೆತ್ತಗೆ. ವೆಲ್ಡ್‌ನ ಬಿಸಿಗೆ ಆ ಲೆಕ್ಕವೇ ಕೆಡುತ್ತದೆ, ಬಿರುಕೂ ಬರಬಹುದು. ಹೊಸ ಪಿನ್ ತನ್ನಿ.

ಪ್ರಶ್ನೆ: ಪಿನ್ನನ್ನು ಬ್ರಾಕೆಟ್‌ಗೆ ಹಿಡಿದಿಡುವ ಲಾಕ್ ಬೋಲ್ಟ್ ಪದೇ ಪದೇ ಮುರಿಯುತ್ತದೆ. ಪಿನ್ನಿನ ತಲೆಯನ್ನು ಬ್ರಾಕೆಟ್‌ಗೇ ವೆಲ್ಡ್ ಮಾಡಿಬಿಡಲೇ?

ಉತ್ತರ: ದಯವಿಟ್ಟು ಬೇಡ. ಬೋಲ್ಟ್ ಸುಮ್ನೆ ಮುರಿಯಲ್ಲ. ಸಾಮಾನ್ಯವಾಗಿ ಪಿನ್ ಬುಷ್ಷಿನಲ್ಲಿ ಬಿಗಿ ಹಿಡಿದು, ಬ್ರಾಕೆಟ್ಟಿನೊಳಗೆ ತಿರುಗಲು ನೋಡುತ್ತಿರುತ್ತದೆ. ಗ್ರೀಸ್ ಒಳಗೆ ಹೋಗುತ್ತಿದೆಯಾ, ಮೊದಲು ಅದನ್ನು ನೋಡಿ. ಬಕೆಟ್ಟಿನ ಭಾರ ಪಿನ್ ಮೇಲೆ ಕೂತಿರುವಾಗ ಗನ್ ಒತ್ತಿದರೆ ಭಾರ ಬೀಳುವ ಮಗ್ಗುಲಿಗೆ ಗ್ರೀಸ್ ನುಗ್ಗಲ್ಲ. ಬಕೆಟ್ಟನ್ನು ನೆಲಕ್ಕೆ ತಾಗಿಸಿ, ಪಿನ್ ಮೇಲಿನ ಭಾರ ಇಳಿಸಿ, ಎರಡೂ ಪಕ್ಕದಿಂದ ಹೊಸ ಗ್ರೀಸ್ ಇಣುಕುವ ತನಕ ಒತ್ತಿ. ಮುರಿದ ಬೋಲ್ಟಿನ ಜಾಗಕ್ಕೆ ಸಿಕ್ಕಿದ ಬೋಲ್ಟ್ ಹಾಕಬೇಡಿ, ಅದೇ ಗ್ರೇಡ್‌ನದ್ದು ತನ್ನಿ. ಇಷ್ಟಾದ ಮೇಲೂ ಮುರಿದರೆ ಪಿನ್ ಎಳೆದು ಬುಷ್ ನೋಡಲೇಬೇಕು.