ಬಿವೈಡಿ ಸೀಲ್ ವಿದ್ಯುತ್ ಕಾರಿನ ಪರ್ಫಾರ್ಮೆನ್ಸ್ ಮಾದರಿಗೆ ಹೆಚ್ಚು ಹಣ ಕೊಡುವುದು ಸರಿಯೇ?

ತುಮಕೂರಿನಿಂದ ಬೆಂಗಳೂರಿಗೆ ನಿತ್ಯ ಓಡಾಡುವ ನಿಮಗೆ ಪ್ರೀಮಿಯಂ ಮಾದರಿಯೇ ಸಾಕೆಂಬುದು ನನ್ನ ಅಭಿಪ್ರಾಯ. 2024ರ ಮಾರ್ಚ್‌ನಲ್ಲಿ ಬಿಡುಗಡೆಯಾದಾಗ ಅದರ ಷೋರೂಂ ಬೆಲೆ 45.55 ಲಕ್ಷ ರೂಪಾಯಿ, ಪರ್ಫಾರ್ಮೆನ್ಸ್‌ನದು 53 ಲಕ್ಷ. ಎರಡರಲ್ಲೂ ಇರುವುದು 82.56 ಕಿಲೋವ್ಯಾಟ್-ಅವರ್ ಬ್ಯಾಟರಿಯೇ. ಹೆಚ್ಚುವರಿ ಹಣಕ್ಕೆ ಮುಖ್ಯವಾಗಿ ಸಿಗುವುದು ಮುಂದಿನ ಚಕ್ರಗಳಿಗೊಂದು ಮೋಟಾರು, ಅದರಿಂದಾಗಿ ಗಂಟೆಗೆ 100 ಕಿ.ಮೀ. ವೇಗವನ್ನು 5.9 ಸೆಕೆಂಡಿನ ಬದಲು 3.8 ಸೆಕೆಂಡಿನಲ್ಲಿ ತಲುಪಬಹುದಾದರೂ, ಒಮ್ಮೆ ಚಾರ್ಜ್ ಮಾಡಿದರೆ ಓಡುವುದಾಗಿ ಕಂಪನಿ ಹೇಳುವ ದೂರ 650ರಿಂದ 580 ಕಿ.ಮೀ.ಗೆ ಇಳಿಯುತ್ತದೆ. ನೆಲಮಂಗಲದ ದಟ್ಟಣೆಯನ್ನು ಹಾಯಬೇಕಾದ, ಸುಮಾರು 70 ಕಿ.ಮೀ.ಗಳ ಈ ದಾರಿಯಲ್ಲಿ ಆ ಎರಡು ಸೆಕೆಂಡುಗಳಿಂದ ಪ್ರಯಾಣದ ಅವಧಿ ಕಡಿಮೆಯಾಗುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆಗಳಲ್ಲಿ ಪದೇ ಪದೇ ಓಡಿಸುವವರಾದರೆ ಮಾತ್ರ, ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಆ ವ್ಯವಸ್ಥೆ ಕೊಡುವ ಹಿಡಿತಕ್ಕಾಗಿ ನಿರ್ಧಾರವನ್ನು ಮರುಪರಿಶೀಲಿಸಿ.