ಯಾವ ಮೀಟರ್ ಅನ್ನುವುದು ಆಮೇಲೆ, ಎಷ್ಟು ಗಂಟೆಗೆ ಅನ್ನುವುದು ಮೊದಲು

ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ನಿಮ್ಮನ್ನು ಹಾಕಿದ್ದಾರೆ, ಕೆರೆಗೆ ಚರಂಡಿ ನೀರು ಸೇರುತ್ತಿದೆ, ನೀರಿನ ಪರೀಕ್ಷೆಗೆ ಯಾವ ಮೀಟರ್ ತಗೊಳ್ಳಲಿ, ಇಲ್ಲಾ ಮಾಲಿನ್ಯ ನಿಯಂತ್ರಣ ಮಂಡಳಿಗೇ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ನಾನೂ ಅಂಥದೇ ಸಮಿತಿಯಲ್ಲಿ ಇದ್ದವನು, ಊರು ಬೇರೆ ಅಷ್ಟೆ.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಈ ಸಮಿತಿ ಇರಲೇಬೇಕು. ನಮ್ಮಲ್ಲಿ ಅದು ಬರೀ ಕಾಗದದ ಮೇಲಿತ್ತು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದರೆ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂದಾಗ ಓಡಾಟ ಶುರುವಾಯಿತು. ಜನತಾ ಜೀವವೈವಿಧ್ಯ ದಾಖಲಾತಿ ಅಂತ, ಊರಿನ ಗಿಡಮರ, ಜೀವಿಗಳನ್ನೆಲ್ಲ ಬರೆದಿಡುವ ಒಂದು ಪುಸ್ತಕ ಅವಸರದಲ್ಲಿ ತಯಾರಾಯಿತು. ನಮ್ಮೂರಲ್ಲಿ ಯಾರೂ ಕಂಡಿರದ ಮರಗಳ ಹೆಸರು ಅದರಲ್ಲಿದ್ದವು. ಕೆರೆಯ ಬಗ್ಗೆ ಒಂದೇ ಸಾಲು. ಇದನ್ನಾದರೂ ಸರಿಯಾಗಿ ಬರೆಯೋಣ ಅಂತ ನಾವು ನಾಲ್ಕಾರು ಜನ ಹೊರಟೆವು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಒಂದು ಕಿಟ್ ತಂದರು.

ನೀರಲ್ಲಿ ಕರಗಿರುವ ಆಮ್ಲಜನಕ ಅಳೆಯುವ ಕಿಟ್ ಅದು. ಗುಳ್ಳೆ ಉಳಿಯದ ಹಾಗೆ ಬಾಟಲಿ ತುಂಬಿ ಎರಡು ದ್ರಾವಣ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಗಸಿ ಇಳಿಯುತ್ತದೆ, ಇಲ್ಲದಿದ್ದರೆ ಬಿಳಿ. ಆಮೇಲೆ ಇನ್ನೊಂದು ದ್ರಾವಣ ಹನಿ ಹನಿಯಾಗಿ ಹಾಕಿ ಲೆಕ್ಕ ಹಿಡಿಯಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಲ್ಲಿ ಮೀನು ಬದುಕುವ ನೀರಿಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕು, ಸ್ನಾನದ ನೀರಿಗೆ 5. ನಮಗೆ 9, 10 ಬರುತ್ತಿತ್ತು. ಅದನ್ನೇ ಪುಸ್ತಕಕ್ಕೆ ಇಳಿಸಿದೆವು.

ಎಡವಿದ್ದು ಇಲ್ಲೇ. ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ಮೇಷ್ಟ್ರಿಗೆ ಬಿಡುವು ಮಧ್ಯಾಹ್ನ. ಪಿಡಿಒ ಬರುವುದೂ ಆಗಲೇ. ಹಾಗಾಗಿ ನಾವು ಪ್ರತಿ ಸಲ ಮಧ್ಯಾಹ್ನವೇ ನೀರು ತೆಗೆದೆವು, ಅದೂ ಏರಿಯ ಮೇಲಿಂದ ಕೈಗೆ ಸಿಗುವ ಮೇಲಿನ ನೀರು. ಚರಂಡಿ ನೀರು ಬಂದ ಕೆರೆಯಲ್ಲಿ ಸಾರಜನಕ, ರಂಜಕ ಜಾಸ್ತಿ, ಅದನ್ನು ತಿಂದು ಪಾಚಿ ಬೆಳೆಯುತ್ತದೆ. ಬಿಸಿಲಿರುವಾಗ ಪಾಚಿ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ ಅದೇ ಆಮ್ಲಜನಕ ಎಳೆದುಕೊಳ್ಳುತ್ತದೆ, ಜೊತೆಗೆ ಮೀನು, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಎಲ್ಲಾ ಪಾಲು ಕೇಳುತ್ತವೆ. ಬೆಳಗಿನ ಜಾವಕ್ಕೆ ಖಜಾನೆ ಖಾಲಿ. ಅಂದರೆ ಒಂದೇ ಕೆರೆ, ಒಂದೇ ದಿನ, ಮಧ್ಯಾಹ್ನ 10, ಸೂರ್ಯ ಹುಟ್ಟುವ ಮೊದಲು 2 ಇರಬಹುದು.

ಇನ್ನೊಂದು ಮಾತು ಆಗ ನಮಗೆ ಹೊಳೆಯಲೇ ಇಲ್ಲ. 27 ಡಿಗ್ರಿಯ ನೀರು ಗಾಳಿಯಿಂದ ಹಿಡಿದಿಡುವುದು ಸುಮಾರು 8 ಮಿಲಿಗ್ರಾಂ ಮಾತ್ರ. 10 ಬಂದರೆ ಹೆಚ್ಚಿನದು ಎಲ್ಲಿಂದ ಬಂತು? ಪಾಚಿಯಿಂದ. ನಾವು ಖುಷಿಪಟ್ಟ ಅಂಕಿಯೇ ಕೆರೆಗೆ ಹುಷಾರಿಲ್ಲ ಅಂತ ಹೇಳುತ್ತಿತ್ತು.

ಕೆರೆ ಗುತ್ತಿಗೆ ಹಿಡಿದಿದ್ದ ಮೀನುಗಾರರ ಸಂಘದವರು ಹೇಳಿದ್ದರು: "ಸಾರ್, ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಿಡ್ತವೆ." ನಾವು ಅವರಿಗೆ ರೀಡಿಂಗ್ ತೋರಿಸಿದೆವು. ಮೋಡ ಮುಚ್ಚಿಕೊಂಡಿದ್ದ ಒಂದು ವಾರ ಹಗಲಲ್ಲೂ ಪಾಚಿಯ ಕೆಲಸ ತಗ್ಗಿತು. ಒಂದು ಬೆಳಿಗ್ಗೆ ಕಾಟ್ಲಾ, ರೋಹು ಎಲ್ಲಾ ದಡಕ್ಕೆ ಬಂದು ಬಿದ್ದಿದ್ದವು. ಮೇಲಿನ ಲೇಔಟಿನ ಕೊಳಚೆಯೇ ಕಾರಣ ಅಂತ ಸಭೆ ಸೇರಿಸಿದರೆ, ಲೇಔಟಿನವರು ನಮ್ಮದೇ ಪುಸ್ತಕದ ನಕಲು ತೆಗೆದರು. "4 ಇದ್ದರೆ ಸಾಕು, ನಿಮ್ಮ ಸಮಿತಿಯೇ 9 ಅಂತ ಬರೆದಿದೆಯಲ್ಲ." ಸಹಿ ನಮ್ಮದೇ, ಸೀಲೂ ನಮ್ಮದೇ. ದೂರು ಅಲ್ಲಿಗೇ ತಣ್ಣಗಾಯಿತು. ಸಂಘದವರಿಗೆ ಮರಿ ಬಿಟ್ಟ ದುಡ್ಡೂ ಹುಟ್ಟಲಿಲ್ಲ.

ಅದಕ್ಕೇ ಹೇಳುತ್ತೇನೆ, ಮೀಟರ್ ಹುಡುಕಬೇಡಿ, ಅಲಾರಂ ಇಡಿ. ಸೂರ್ಯ ಹುಟ್ಟುವ ಮೊದಲು ಒಂದು ಸಲ, ಅದೇ ದಿನ ಮಧ್ಯಾಹ್ನ ಒಂದು ಸಲ. ನೀರು ಒಳಗೆ ಬರುವ ಕಡೆ, ತೂಬಿನ ಹತ್ತಿರ, ಕೋಡಿಯ ಹತ್ತಿರ, ಯಾವಾಗಲೂ ಅವೇ ಜಾಗ. ಗಂಟೆ, ಮೋಡ, ಮಳೆ ಬರೆಯದ ರೀಡಿಂಗ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಎರಡು ಹೊತ್ತಿನ ಅಂಕಿಗಳ ಅಂತರವೇ ನಿಮ್ಮ ನಿಜವಾದ ವರದಿ. ಮೀನು ಹಿಡಿಯುವವರನ್ನು, ಬಟ್ಟೆ ಒಗೆಯುವವರನ್ನು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ತಾರೀಖಿನ ಸಮೇತ ಬರೆಯಿರಿ. ಪ್ರತಿ ಸಭೆಯ ನಡವಳಿಯಲ್ಲಿ ಅದನ್ನು ಸೇರಿಸಿ.

ಮಂಡಳಿಗೆ ಬಿಡಬೇಕಾ, ನಾವೇ ಮಾಡಬೇಕಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತದೆ. ನಿಮ್ಮ ಬಾಟಲಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಕೊಳಚೆಯ ಮಾದರಿಯನ್ನು ಮಂಡಳಿಯ ಕಡೆಯವರೇ ತೆಗೆಯಬೇಕು. ನೋಟಿಸ್ ಕೊಟ್ಟು, ಎದುರಿಗೇ ಎರಡು ಪಾಲು ಮಾಡಿ, ಸೀಲ್ ಹಾಕಿ, ಸಹಿ ಮಾಡಿಸುವ ಕ್ರಮ ಅದು. ಆದರೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಮೋರಿಯ ಹತ್ತಿರ ಬಂದರೆ ಸಿಕ್ಕಿಬೀಳುತ್ತದೆ ಅಂತ ಅವರಿಗೆ ಹೇಳುವವರು ಯಾರು? ನೀವೇ ಅಲ್ವಾ?

ಒಂದು ವಿಷಯ ಮೊದಲೇ ವಿಚಾರಿಸಿಕೊಳ್ಳಿ. ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರು ಹಾಯುವ ಜಮೀನು, 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಅದು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು, ಕಡಿಮೆ ಇದ್ದರೆ ಪಂಚಾಯತ್ ರಾಜ್ ಕಡೆಯದು. ಅರ್ಜಿ ತಪ್ಪು ಬಾಗಿಲಿಗೆ ಹೋದರೆ ತಿಂಗಳುಗಟ್ಟಲೆ ಸುಮ್ನೆ ಅಲೆಯುತ್ತೀರಿ. ಇಷ್ಟಾದ ಮೇಲೂ ದುಡ್ಡು ಮಿಕ್ಕರೆ ಮೀಟರ್ ತಗೊಳ್ಳಿ. ಆಗಾಗ ಸರಿಹೊಂದಿಸದಿದ್ದರೆ ಅದೂ ಸುಳ್ಳು ಹೇಳುತ್ತದೆ, ಆ ಕೆಲಸ ಯಾರದು ಅಂತ ಕೊಳ್ಳುವ ಮೊದಲೇ ಒಬ್ಬರ ಹೆಸರು ಬರೆದಿಡಿ.