ಅಪ್ಪನ ಕೈ ಕಟ್ಟಿದ್ದು ಸರೀನಾ?

ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಈ ಸಲ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಬಂದ ಪತ್ರಗಳಲ್ಲಿ ಎರಡು ವಿಷಯ ಜಾಸ್ತಿ. ಒಂದು ಆಸ್ಪತ್ರೆಯಲ್ಲಿ ರೋಗಿಯ ಕೈಕಾಲು ಕಟ್ಟುವುದು, ಇನ್ನೊಂದು ಆಕ್ಸಿಜನ್. ಬೇರೆ ಬೇರೆ ಅನ್ನಿಸುತ್ತೆ, ಆದರೆ ಎಷ್ಟೋ ಸಲ ಎರಡೂ ಒಂದೇ ಮಂಚದ ಕತೆ. ಕೆಲವರು ಆಸ್ಪತ್ರೆ ಹೆಸರು ಬರೆದಿದ್ದೀರಿ, ತೆಗೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸಿಸ್ಟರ್, ನಮ್ಮ ತಂದೆಗೆ 71 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು, ಬೀಡಿ ಬೇರೆ. ಉಸಿರಾಟದ ತೊಂದರೆ ಜಾಸ್ತಿಯಾಗಿ ಒಂದು ಖಾಸಗಿ ಆಸ್ಪತ್ರೆಯ ಐಸಿಯುಗೆ ಸೇರಿಸಿದೆವು. ಮಾರನೇ ದಿನ ಒಳಗೆ ಬಿಟ್ಟಾಗ ನೋಡಿದರೆ ಎರಡೂ ಕೈಯನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಸರಳಿಗೆ ಕಟ್ಟಿದ್ದರು. ಕೇಳಿದ್ದಕ್ಕೆ 'ಮಾಸ್ಕ್ ಕಿತ್ತು ಹಾಕ್ತಾರೆ, ಇನ್ನೇನ್ ಮಾಡೋದು' ಅಂದರು. ನಮಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಇದು ಸರೀನಾ?
— ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಕಟ್ಟಿದ್ದೇ ತಪ್ಪು ಅಂತ ನಾನು ಹೇಳಲ್ಲ. ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್ ಮೇಲೆ ಇಟ್ಟವರು ಅರೆಪ್ರಜ್ಞೆಯಲ್ಲಿ ಅದನ್ನು ಎಳೆದುಕೊಂಡರೆ ನಿಮಿಷಗಳಲ್ಲಿ ಜೀವಕ್ಕೆ ಕುತ್ತು ಬರುತ್ತೆ, ಅಂಥ ಕಡೆ ಸ್ವಲ್ಪ ಹೊತ್ತು ಕೈ ಕಟ್ಟುವುದುಂಟು. ಆದರೆ ನಿಮ್ಮ ತಂದೆಗೆ ಇದ್ದದ್ದು ಮಾಸ್ಕ್. ಮಾಸ್ಕ್ ಕೀಳುವವರ ಕೈ ಮುಟ್ಟುವ ಮೊದಲು ಯಾಕೆ ಕೀಳುತ್ತಿದ್ದಾರೆ ಅಂತ ನೋಡಬೇಕು.

ಸುಮ್ನೆ ಯಾರೂ ಕೀಳಲ್ಲ. ರಕ್ತದಲ್ಲಿ ಆಕ್ಸಿಜನ್ ಕಮ್ಮಿಯಾದರೆ ಮನುಷ್ಯ ಚಡಪಡಿಸುತ್ತಾನೆ, ಏನೇನೋ ಬಡಬಡಿಸುತ್ತಾನೆ, ಮೈಮೇಲೆ ಇರುವುದನ್ನೆಲ್ಲ ಕಿತ್ತುಕೊಳ್ಳುತ್ತಾನೆ. ಬೀಡಿ, ಹೊಗೆಯಿಂದ ಶ್ವಾಸಕೋಶ ಕೆಟ್ಟವರಲ್ಲಿ, ಡಾಕ್ಟರು ಸಿಒಪಿಡಿ ಅನ್ನುತ್ತಾರಲ್ಲ, ಅವರಲ್ಲಿ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿದರೂ ಹೀಗೇ ಗಲಿಬಿಲಿ, ಆಮೇಲೆ ಮಂಪರು. ಅಂದರೆ ಆ ಒದ್ದಾಟವೇ ರೋಗ ಜಾಸ್ತಿಯಾಗಿದೆ ಅಂತ ಹೇಳುತ್ತಿರಬಹುದು. ಕೈ ಕಟ್ಟಿಬಿಟ್ಟರೆ ಒದ್ದಾಟ ಕಾಣಲ್ಲ, ರೋಗ ಅಲ್ಲೇ ಇರುತ್ತೆ.

ಇನ್ನೊಂದು ಇದೆ, ಇದನ್ನು ನೀವೇ ನಿಂತು ನೋಡಬಹುದು. ಗೋಡೆಯಲ್ಲಿ ಗಾಜಿನ ಕೊಳವೆಯೊಳಗೆ ಒಂದು ಗೋಲಿ ತೇಲುತ್ತಿರುತ್ತಲ್ಲ, ಅದೇ ಫ್ಲೋ ಮೀಟರ್. ಸಾದಾ ಮಾಸ್ಕ್ ಹಾಕಿ ಗೋಲಿಯನ್ನು 2ಕ್ಕೆ ಬಿಟ್ಟಿದ್ದರೆ ಅದು ತಪ್ಪು. ಸಾದಾ ಮಾಸ್ಕಿಗೆ ನಿಮಿಷಕ್ಕೆ ಕನಿಷ್ಠ 5 ಲೀಟರ್ ಬೇಕು, ಇಲ್ಲದಿದ್ದರೆ ಬಿಟ್ಟ ಉಸಿರು ಒಳಗೇ ನಿಂತು ರೋಗಿ ಮತ್ತೆ ಅದನ್ನೇ ಎಳೆದುಕೊಳ್ಳುತ್ತಾನೆ. ಚೀಲ ಇರುವ ಮಾಸ್ಕಿಗೆ 10ರಿಂದ 15 ಲೀಟರ್, ಉಸಿರು ಎಳೆದಾಗಲೂ ಚೀಲ ಪೂರ್ತಿ ಚಪ್ಪಟೆಯಾಗಬಾರದು. ಎರಡೇ ಲೀಟರ್ ಸಾಕು ಅಂದರೆ ಮೂಗಿಗೆ ಹಾಕುವ ಸಣ್ಣ ಪೈಪು, ಕ್ಯಾನುಲಾ, ಇದೆ. ಅದನ್ನು ಹಾಕಿದರೆ ಮಾತಾಡಬಹುದು, ನೀರು ಕುಡಿಯಬಹುದು, ಕೀಳುವುದೂ ಕಮ್ಮಿ. ಉಸಿರು ಕಟ್ಟಿಸುವ ಮಾಸ್ಕ್ ಕಿತ್ತರು ಅಂತ ಕೈ ಕಟ್ಟಿದರೆ ಹೇಗೆ ಹೇಳಿ?

ವಯಸ್ಸಾದವರಲ್ಲಿ ಬೇರೆ ಕಾರಣಗಳೂ ಇರುತ್ತವೆ. ಮೂತ್ರ ಕಟ್ಟಿಕೊಂಡಿರಬಹುದು, ನಾಲ್ಕು ದಿನದಿಂದ ಹೊಟ್ಟೆ ಹೋಗಿಲ್ಲದೆ ಇರಬಹುದು, ನೋವಿರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಅಥವಾ ಐಸಿಯು ಲೈಟಲ್ಲಿ ಹಗಲು ಯಾವುದು ರಾತ್ರಿ ಯಾವುದು ಅಂತ ಗೊತ್ತಾಗದೆ ನಿದ್ದೆಗೆಟ್ಟಿರಬಹುದು. ಕನ್ನಡಕ, ಕಿವಿ ಮಷಿನ್ ಮನೆಯಲ್ಲೇ ಬಿಟ್ಟು ಬಂದಿರುತ್ತೀರಿ, ತಂದುಕೊಡಿ. 'ನಮ್ಮಲ್ಲಿ ಒಬ್ಬರು ಪಕ್ಕದಲ್ಲಿ ಕೂತಿರ್ತೀವಿ, ಕೈ ಬಿಚ್ಚಿ' ಅಂತ ಕೇಳಿ. ಗುರುತಿನ ದನಿ ಕೇಳಿ ಒದ್ದಾಟ ನಿಂತವರನ್ನು ಬೇಕಾದಷ್ಟು ಜನರನ್ನು ನೋಡಿದ್ದೇನೆ. ಐಸಿಯುನವರಿಗೆ ಇದು ಕಿರಿಕಿರಿ, ಗೊತ್ತು. ಆದರೂ ಕೇಳಿ.

ಅಷ್ಟಾದರೂ ಕಟ್ಟಲೇಬೇಕು ಅಂದರೆ? ಯಾವ ಡಾಕ್ಟರ್ ಹೇಳಿದರು, ಯಾಕೆ, ಎಷ್ಟು ಗಂಟೆಗೆ ಕಟ್ಟಿದ್ದು, ಯಾವಾಗ ಬಿಚ್ಚುವುದು, ಎಲ್ಲ ಕೇಸ್ ಶೀಟ್‌ನಲ್ಲಿ ಇರಬೇಕು. ಬಟ್ಟೆ ಮತ್ತು ಮಣಿಕಟ್ಟಿನ ನಡುವೆ ಎರಡು ಬೆರಳು ಹೋಗಬೇಕು. ಎಳೆದ ತಕ್ಷಣ ಬಿಚ್ಚಿಕೊಳ್ಳುವ ಗಂಟು ಇರಬೇಕು. ಸರಳಿಗೆ ಕಟ್ಟಲೇಬಾರದು, ಮಂಚದ ಚೌಕಟ್ಟಿಗೆ ಕಟ್ಟಬೇಕು, ಯಾಕಂದ್ರೆ ಯಾರೋ ಬಂದು ಸರಳು ಇಳಿಸಿದರೆ ಕೈ ಉಳುಕುತ್ತೆ. ಬೆರಳು ತಣ್ಣಗಾಗಿದೆಯಾ, ನೀಲಿಯಾಗಿದೆಯಾ, ಊದಿದೆಯಾ ಅಂತ ಆಗಾಗ ನೋಡುತ್ತಿರಬೇಕು, ಎರಡು ಗಂಟೆಗೊಮ್ಮೆಯಾದರೂ ಬಿಚ್ಚಿ ಕೈ ಆಡಿಸಬೇಕು. ಅಂಗಾತ ಮಲಗಿಸಿ ಕಟ್ಟಿದಾಗ ವಾಂತಿ ಬಂದರೆ ಶ್ವಾಸಕೋಶಕ್ಕೆ ಹೋಗುತ್ತೆ, ಅದಕ್ಕೇ ತಲೆಯ ಕಡೆ ಎತ್ತರಿಸಿರಬೇಕು.

ನಿಮಗೆ ಹೇಳದೇ ಇದ್ದದ್ದು ಸರಿಯಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಮಾಹಿತಿ, ಒಪ್ಪಿಗೆ, ಘನತೆ ಎಲ್ಲ ಇವೆ. ಅದನ್ನು ಜಾರಿಗೆ ತನ್ನಿ ಅಂತ ಕೇಂದ್ರ ಆರೋಗ್ಯ ಇಲಾಖೆ 2019ರಲ್ಲಿ ರಾಜ್ಯಗಳಿಗೆ ಬರೆದಿತ್ತು. 'ಅಡ್ಮಿಷನ್ ಫಾರ್ಮಿಗೆ ಸೈನ್ ಹಾಕಿದ್ದೀರಲ್ಲ' ಅನ್ನುವುದು ಹಳೇ ಮಾತು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೂ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಜೀವ ಉಳಿಸಲು ತಕ್ಷಣ ಮಾಡಬೇಕಾಗಿ ಬಂದರೆ ಮಾತ್ರ ಬೇರೆ ಮಾತು, ಆಗಲೂ ಆಮೇಲೆ ಬಂದು ಹೇಳುವುದಕ್ಕೇನು ಕಷ್ಟ?

ಪ್ರಶ್ನೆ: ಮೇಡಂ, ನಮ್ಮ ಮಾವ ಕೆಜಿಎಫ್ ಗಣಿಯಲ್ಲಿ ಇದ್ದವರು. ಮನೆಯಲ್ಲೇ ಆಕ್ಸಿಜನ್ ಮಷಿನ್ ಇಟ್ಟಿದ್ದೇವೆ. ಡಾಕ್ಟರ್ 2 ಲೀಟರ್ ಅಂದಿದ್ದಾರೆ. ರಾತ್ರಿ ಏದುಸಿರು ಬಂದಾಗ ನಮ್ಮೆಜಮಾನರು 5ಕ್ಕೆ ಏರಿಸುತ್ತಾರೆ. ಬೆಳಿಗ್ಗೆ ಎಬ್ಬಿಸಿದರೂ ಮಾವ ಏಳಲ್ಲ, ತೂಕಡಿಸುತ್ತಲೇ ಇರುತ್ತಾರೆ. ಆಕ್ಸಿಜನ್ ಜಾಸ್ತಿ ಕೊಟ್ಟರೆ ಒಳ್ಳೇದೇ ಅಲ್ವಾ?
— ರಾಬರ್ಟ್‌ಸನ್‌ಪೇಟೆ

ಉತ್ತರ: ಅಲ್ಲ. ಈ ಪತ್ರ ಓದಿ ಗಾಬರಿಯಾಯಿತು. ಬೆಳಿಗ್ಗೆ ತೂಕಡಿಕೆ, ತಲೆನೋವು, ಎಬ್ಬಿಸಿದರೂ ಏಳದಿರುವುದು ಕಾರ್ಬನ್ ಡೈಆಕ್ಸೈಡ್ ಏರಿದ ಲಕ್ಷಣ ಆಗಿರಬಹುದು. ಇವತ್ತೇ ಡಾಕ್ಟರಿಗೆ ತೋರಿಸಿ, ಎಬಿಜಿ ಅನ್ನುವ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಹೆದರಿಕೊಂಡು ಮಷಿನ್ ಪೂರ್ತಿ ಆಫ್ ಮಾಡಬೇಡಿ, ಅದು ಇನ್ನೂ ಅಪಾಯ. ಡಾಕ್ಟರ್ ಹೇಳಿದ 2ಕ್ಕೆ ತನ್ನಿ.

ಆಕ್ಸಿಜನ್ ಅಂದರೆ ಔಷಧಿ, ಅಳತೆ ಮೀರಿದರೆ ಅದೂ ಕೆಡುಕೇ. ಸಾಮಾನ್ಯ ರೋಗಿಗೆ ರಕ್ತದ ಆಕ್ಸಿಜನ್ ತೋರಿಸುವ ಬೆರಳಿನ ಮಷಿನಲ್ಲಿ ಶೇಕಡಾ 94ರಿಂದ 98 ಇರಲಿ ಅಂತ ಇಟ್ಟುಕೊಂಡರೆ, ಸಿಒಪಿಡಿಯಂಥ ಹಳೇ ಶ್ವಾಸಕೋಶ ರೋಗದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವ ಭಯ ಇರುವವರಿಗೆ 88ರಿಂದ 92 ಸಾಕು. ಗಣಿ ದೂಳಿನ ಶ್ವಾಸಕೋಶ, ನಿಮ್ಮ ಮಾವನಿಗೆ ಎಷ್ಟು ಇರಬೇಕು ಅಂತ ಡಾಕ್ಟರ ಕೈಲಿ ಚೀಟಿಯಲ್ಲಿ ಬರೆಸಿ ಮಷಿನ್ ಮೇಲೇ ಅಂಟಿಸಿ. 92 ನೋಡಿ 'ನೂರು ಬಂದಿಲ್ಲವಲ್ಲಾ' ಅಂತ ತಿರುಗಿಸುವ ಮಗಂದಿರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ, ಪ್ರೀತಿಗೇ ಮಾಡುವುದು, ಆದರೂ ನಿಮ್ಮೆಜಮಾನರಿಗೆ ಆ ಗುಂಡಿ ಮುಟ್ಟಬೇಡಿ ಅನ್ನಿ. ಬೆರಳು ತಣ್ಣಗಿದ್ದರೆ, ಗೋರಂಟಿ ಹಾಕಿದ್ದರೆ ಆ ಮಷಿನ್ ತಪ್ಪು ತೋರಿಸಬಹುದು ಅನ್ನುವುದೂ ನೆನಪಿರಲಿ.

ಆ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಸೊಳ್ಳೆಬತ್ತಿ, ಬೀಡಿ ಯಾವುದೂ ಬೇಡ. ಆಕ್ಸಿಜನ್ ತಾನು ಉರಿಯಲ್ಲ, ಉರಿಯುವುದನ್ನು ಭಗ್ಗನೆ ಉರಿಸುತ್ತೆ, ಹೊದಿಕೆಯಲ್ಲೂ ಬಟ್ಟೆಯಲ್ಲೂ ಸೇರಿಕೊಂಡಿರುತ್ತೆ. ಮೂಗು ಒಣಗುತ್ತೆ ಅಂತ ವ್ಯಾಸಲೀನ್, ಕೊಬ್ಬರಿ ಎಣ್ಣೆ ಸವರಬೇಡಿ.

ಪ್ರಶ್ನೆ: ನಮ್ಮ ಭಾವನನ್ನು ಕುಡಿತ ಬಿಡಿಸುವ ಕೇಂದ್ರವೊಂದಕ್ಕೆ ಸೇರಿಸಿದ್ದೆವು. ನೋಡಲು ಹೋದಾಗ ಕಾಲಿಗೆ ಸರಪಳಿ ಇತ್ತು. 'ಮೊದಲ ವಾರ ಎಲ್ಲರಿಗೂ ಹೀಗೇ, ಓಡಿಹೋಗ್ತಾರೆ, ಅಕ್ಕ ಒಪ್ಪಿ ಸೈನ್ ಮಾಡಿದ್ದಾರೆ' ಅಂದರು.
— ಕುಣಿಗಲ್ ತಾಲ್ಲೂಕು

ಉತ್ತರ: ಅಕ್ಕ ಅಲ್ಲ, ಯಾರು ಸೈನ್ ಮಾಡಿದರೂ ಸರಪಳಿ ಹಾಕುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ಪೂರ್ತಿ ನಿಷೇಧಿಸಿದೆ, ಮತ್ತು ಕುಡಿತದ ಚಟವೂ ಆ ಕಾಯ್ದೆಯೊಳಗೇ ಬರುತ್ತೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸುಟ್ಟುಹೋದರು.

ಬಟ್ಟೆಯಲ್ಲಿ ಕಟ್ಟುವುದಕ್ಕೂ ಕಾಯ್ದೆಯ 97ನೇ ಸೆಕ್ಷನ್ ಬಿಗಿ ಷರತ್ತು ಹಾಕಿದೆ. ರೋಗಿಗೋ ಬೇರೆಯವರಿಗೋ ತಕ್ಷಣ ಅಪಾಯ ಆಗುವಂತಿರಬೇಕು, ಅದನ್ನು ತಪ್ಪಿಸಲು ಬೇರೆ ದಾರಿ ಇರಬಾರದು, ನೋಡಿಕೊಳ್ಳುವ ಮನೋವೈದ್ಯರ ಅನುಮತಿ ಇರಬೇಕು, ಎಷ್ಟು ಹೊತ್ತು ಯಾಕೆ ಅಂತ ಬರೆದಿಡಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ, ಅಂದರೆ ರೋಗಿಯ ಪರವಾಗಿ ಹೆಸರಿಸಿದವರಿಗೆ, 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಗೆ ಅಂತ ಕಟ್ಟುವಂತಿಲ್ಲ. ಸಿಬ್ಬಂದಿ ಕಮ್ಮಿ ಅಂತಲೂ ಕಟ್ಟುವಂತಿಲ್ಲ.

ದಿನಾ ಕುಡಿಯುವವರು ಒಮ್ಮೆಗೇ ಬಿಟ್ಟರೆ ಎರಡನೇ, ಮೂರನೇ ದಿನ ಕೈ ನಡುಗಿ, ಬೆವತು, ಇಲ್ಲದ್ದು ಕಂಡು ಕೂಗಾಡುತ್ತಾರೆ, ಫಿಟ್ಸ್ ಬರಬಹುದು. ಅದಕ್ಕೆ ಔಷಧಿ ಬೇಕು, ವಿಟಮಿನ್ ಬಿ1 ಬೇಕು, ಡಾಕ್ಟರ್ ಬೇಕು. ಔಷಧಿ ಇಲ್ಲದೆ ಕಟ್ಟಿಹಾಕಿದರೆ ಸಾಯಲೂಬಹುದು. ಆ ಕೇಂದ್ರಕ್ಕೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯಾ, ಮನೋವೈದ್ಯರು ಯಾರು ಅಂತ ಕೇಳಿ. ತಡವರಿಸಿದರೆ ಭಾವನನ್ನು ಅಲ್ಲಿಂದ ಬಿಡಿಸಿ ಸರ್ಕಾರಿ ಆಸ್ಪತ್ರೆಗೆ ಸೇರಿಸಿ. ದೂರನ್ನು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಕೊಡಬಹುದು. ವಕೀಲರಿಗೆ ದುಡ್ಡಿಲ್ಲ ಅಂದರೆ ಉಚಿತ ಕಾನೂನು ನೆರವಿಗೆ 15100. ಯಾರ ಹತ್ತಿರವಾದರೂ ಮೊದಲು ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಸಿಸ್ಟರ್, ನಾನು ನಿಮ್ಮ ಹಾಗೇ ಸ್ಟಾಫ್ ನರ್ಸ್. ನೈಟ್ ಡ್ಯೂಟಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ. ಅಜ್ಜ ಒಬ್ಬರು ಎದ್ದು ಬೀಳುತ್ತಾರೆ. ಡಾಕ್ಟರ್ ಫೋನಲ್ಲಿ 'ಕಟ್ಟಿ ಹಾಕಮ್ಮ' ಅಂದು ಇಟ್ಟುಬಿಡುತ್ತಾರೆ. ಏನಾದರೂ ಆದರೆ ನನ್ನ ತಲೆಗೇ ಬರುತ್ತೆ.
— ಚಿಂತಾಮಣಿ

ಉತ್ತರ: ಬರುತ್ತೆ, ಅದಕ್ಕೇ ಬರೆಯಿರಿ. ಎಷ್ಟು ಗಂಟೆಗೆ ಫೋನ್ ಮಾಡಿದಿರಿ, ಯಾರು ಏನು ಹೇಳಿದರು, ಸ್ಯಾಚುರೇಷನ್ (ರಕ್ತದ ಆಕ್ಸಿಜನ್) ಎಷ್ಟಿತ್ತು, ಶುಗರ್ ಎಷ್ಟಿತ್ತು, ಎಲ್ಲ ನರ್ಸಸ್ ನೋಟ್ಸ್‌ನಲ್ಲಿ. 'ಬಂದು ನೋಡಿ ಸೈನ್ ಮಾಡಿ ಸರ್' ಅಂತ ಕೇಳಿದ್ದನ್ನೂ ಬರೆಯಿರಿ. ಅಜ್ಜ ಏಳುವುದು ಬಹಳ ಸಲ ಒಂದಕ್ಕೆ ಹೋಗಲು. ಮಲಗುವ ಮೊದಲು ಒಮ್ಮೆ ಕರೆದುಕೊಂಡು ಹೋಗಿ, ಮಂಚ ಪೂರ್ತಿ ತಗ್ಗಿಸಿ, ನಿಮ್ಮ ಟೇಬಲ್ಲಿಗೆ ಹತ್ತಿರ ತನ್ನಿ, ಮನೆಯವರನ್ನು ಕೂರಿಸಿ. ಸರಳು ಎತ್ತಿಟ್ಟರೆ ಆಯಿತು ಅಂದುಕೊಳ್ಳಬೇಡಿ, ಅದನ್ನು ಹತ್ತಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಇಡೀ ವಾರ್ಡಿಗೆ ಒಬ್ಬ ನರ್ಸ್ ಅನ್ನುವುದು ಆಡಳಿತದ ತಪ್ಪು, ಸೂಪರಿಂಟೆಂಡೆಂಟ್‌ಗೆ ಲಿಖಿತವಾಗಿ ಕೊಟ್ಟು ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಪ್ರಶ್ನೆ: ಬಿಲ್ಲಿನಲ್ಲಿ ಆಕ್ಸಿಜನ್‌ಗೆ ಸಾವಿರಾರು ರೂಪಾಯಿ ಹಾಕಿದ್ದಾರೆ. ಕೇಸ್ ಶೀಟ್ ಕೇಳಿದರೆ 'ಅದು ಆಸ್ಪತ್ರೆಯದು' ಅನ್ನುತ್ತಾರೆ.
— ಗೌರಿಬಿದನೂರು

ಉತ್ತರ: ಅರ್ಜಿ ಬರೆದುಕೊಡಿ, ಸ್ವೀಕೃತಿ ತಗೊಳ್ಳಿ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅದರಲ್ಲಿ ಎಷ್ಟು ಲೀಟರ್, ಎಷ್ಟು ಗಂಟೆ ಅಂತ ಇರುತ್ತೆ, ಬಿಲ್ಲಿಗೆ ಹೋಲಿಸಿ. ನಿಮಗೊಂದು ಲೆಕ್ಕ: 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಬೆಲೆ ಪ್ರಾಧಿಕಾರ ಸಿಲಿಂಡರ್ ತುಂಬುವವರು ಒಂದು ಕ್ಯೂಬಿಕ್ ಮೀಟರ್‌ಗೆ, ಅಂದರೆ ಸಾವಿರ ಲೀಟರ್‌ಗೆ, 25.71 ರೂಪಾಯಿ ಮೀರಬಾರದು ಅಂತ ಮಿತಿ ಹಾಕಿತ್ತು, ಜಿಎಸ್‌ಟಿ ಬೇರೆ. ಸಾಗಣೆ, ಪೈಪು, ಸಿಬ್ಬಂದಿ ಖರ್ಚು ಆಸ್ಪತ್ರೆಗೆ ಇರುತ್ತೆ, ಒಪ್ಪೋಣ. ಆದರೂ ಕೇಳುವ ಹಕ್ಕು ನಿಮಗಿದೆ. ಖಾಸಗಿ ಆಸ್ಪತ್ರೆ ಮೇಲಿನ ದೂರನ್ನು ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಿ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಯಲ್ಲಿ ತಗೊಳ್ಳುತ್ತಾರೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಗೆ ಗ್ರಾಹಕರ ಆಯೋಗವೂ ಇದೆ.

ಪ್ರಶ್ನೆ: ಕೋಲಾರದಿಂದ ಬೆಂಗಳೂರಿಗೆ ಆಂಬುಲೆನ್ಸಲ್ಲಿ ಹೋಗುವಾಗ ಒಂದು ಸಿಲಿಂಡರ್ ಸಾಕಾಗುತ್ತಾ?
— ಶ್ರೀನಿವಾಸಪುರ

ಉತ್ತರ: ಹೊರಡುವ ಮೊದಲು ಲೆಕ್ಕ ಹಾಕಿಸಿ. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಹೋಗುತ್ತಿದ್ದರೆ 150 ನಿಮಿಷ, ಸಿಲಿಂಡರಿನ ಪ್ರೆಷರ್ ಮೀಟರಿನ ಮುಳ್ಳು ಅರ್ಧದಲ್ಲಿದ್ದರೆ 75. ದಾರಿ 70 ಕಿಲೋಮೀಟರ್ ಚಿಲ್ಲರೆ ಅಷ್ಟೇ, ಆದರೆ ಕೆ.ಆರ್. ಪುರದ ಟ್ರಾಫಿಕ್ ಲೆಕ್ಕಕ್ಕೆ ಸಿಗಲ್ಲ. ಮುಳ್ಳನ್ನು ನೀವೇ ಕಣ್ಣಾರೆ ನೋಡಿ, ತುಂಬಿದ ಇನ್ನೊಂದು ಸಿಲಿಂಡರ್, ಅದನ್ನು ತೆರೆಯುವ ಕೀ ಮತ್ತು ಬದಲಾಯಿಸಲು ಬರುವವರು ಒಬ್ಬರು ಗಾಡಿಯೊಳಗೆ ಇದ್ದರೆ ಮಾತ್ರ ಹೊರಡಿ.